ಹಂದಿಗಳಿಗೆ ವಾಹಕ ಲಸಿಕೆ: ಸಾಕುವವರೂ ವಿದ್ಯಾರ್ಥಿಗಳೂ ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಜುಲೈನಲ್ಲಿ ಕೇರಳದ ವಯನಾಡಿನಲ್ಲಿ ಆಫ್ರಿಕನ್ ಹಂದಿ ಜ್ವರ ದೃಢಪಟ್ಟಿತು. ಗಡಿ ದಾಟಿದರೆ ಕೊಡಗು, ಎಚ್.ಡಿ. ಕೋಟೆ. ಆಗಿನಿಂದ ಹಂದಿ ಸಾಕುವವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಮಾತು: "ಡಾಕ್ಟ್ರೇ, ಕೊರೊನಾಗೆ ಒಂದು ವರ್ಷದಲ್ಲಿ ಲಸಿಕೆ ಬಂತು, ಇದಕ್ಕೆ ಯಾಕೆ ಬರಲಿಲ್ಲ?" ಪಶುವೈದ್ಯ ಕಾಲೇಜಿನ ಹುಡುಗರೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಒಂದು ಸಾಲಿನಲ್ಲಿ ಉತ್ತರ ಕೊಟ್ಟು ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ನಾಲ್ಕೇ ಹಂದಿ ಸಾಕಿ ಮಗಳ ಫೀಸು ಕಟ್ಟುವ ಮನೆಗೆ ಪೂರ್ತಿ ಉತ್ತರ ಸಲ್ಲಬೇಕು. ಅದಕ್ಕೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ವಾಹಕ ಲಸಿಕೆ ಎಂದರೆ ಏನು?

ಕೋವಿಶೀಲ್ಡ್ ಹಾಕಿಸಿಕೊಂಡವರಿಗೆ ವಾಹಕ ಲಸಿಕೆಯ ಪರಿಚಯ ಆಗಲೇ ಆಗಿದೆ. ಚಿಂಪಾಂಜಿಗಳಲ್ಲಿ ಕಾಣುವ ಒಂದು ಅಡಿನೋವೈರಸ್ಸನ್ನು ಹಿಡಿದು, ಅದು ಮೈಯೊಳಗೆ ಬೆಳೆಯದಂತೆ ಮಾಡಿ, ಕೊರೊನಾ ವೈರಸ್ಸಿನ ಮುಳ್ಳಿನ ಪ್ರೋಟೀನಿನ ಜೀನನ್ನು ಅದರೊಳಗೆ ಕೂರಿಸಿದ್ದರು. ವೈರಸ್ ನಮ್ಮ ಜೀವಕೋಶದೊಳಗೆ ಹೋಗಿ ಆ ಜೀನನ್ನು ಇಳಿಸಿತು. ಜೀವಕೋಶ ಅದನ್ನು ಓದಿಕೊಂಡು ಮುಳ್ಳಿನ ಪ್ರೋಟೀನನ್ನು ತಾನೇ ತಯಾರಿಸಿತು, ಮೈ ಅದನ್ನು ಗುರುತು ಹಿಡಿದು ಇಟ್ಟುಕೊಂಡಿತು.

ಗಾಡಿ ಒಂದು, ಹೇರು ಇನ್ನೊಂದು. ಗಾಡಿ ನಿರುಪದ್ರವಿ ವೈರಸ್. ಹೇರು ರೋಗದ ವೈರಸ್ಸಿನ ಒಂದು ತುಂಡು ಮಾತ್ರ. ರೋಗದ ಇಡೀ ವೈರಸ್ ಹಂದಿಯ ಮೈಗೆ ಹೋಗುವುದೇ ಇಲ್ಲ. ಮುಂದಿನ ಉತ್ತರಗಳಲ್ಲೆಲ್ಲ ಈ ಎರಡು ಮಾತು ಮತ್ತೆ ಮತ್ತೆ ಬರುತ್ತವೆ.

ಅಂದ ಹಾಗೆ, ಆ ಕೋವಿಡ್ ಲಸಿಕೆಯನ್ನು 2020ರಲ್ಲಿ ಇಂಗ್ಲೆಂಡಿನ ಪಿರ್‌ಬ್ರೈಟ್ ಸಂಸ್ಥೆಯಲ್ಲಿ ಹಂದಿಗಳಿಗೂ ಕೊಟ್ಟು ನೋಡಿದ್ದರು. ಒಂದು ಡೋಸ್‌ಗಿಂತ ಎರಡು ಡೋಸ್ ಪಡೆದ ಹಂದಿಗಳಲ್ಲಿ ಪ್ರತಿಕಾಯ, ಅಂದರೆ ರೋಗಾಣುವನ್ನು ಹಿಡಿಯುವ ರಕ್ತದ ಪ್ರೋಟೀನು, ಹೆಚ್ಚು ಬಂತು. ಹಂದಿಯ ರೋಗನಿರೋಧಕ ವ್ಯವಸ್ಥೆ ಎಷ್ಟೋ ವಿಷಯದಲ್ಲಿ ನಮ್ಮದಕ್ಕೆ ಹತ್ತಿರ.

ಆ ವಾಹಕ ವೈರಸ್ಸೇ ಬೆಳೆದು ಹೊಸ ರೋಗ ತಂದರೆ?

ಈ ಭಯ ಸಹಜ. ಅಡಿನೋವೈರಸ್ ತನ್ನ ಸಂತತಿ ಬೆಳೆಸಬೇಕಾದರೆ ಇ1 ಎಂಬ ಜೀನುಗಳ ಗುಂಪು ಬೇಕೇ ಬೇಕು. ಲಸಿಕೆಗೆ ಬಳಸುವ ವೈರಸ್ಸಿನಲ್ಲಿ ಅದನ್ನು ಕತ್ತರಿಸಿ ತೆಗೆದಿರುತ್ತಾರೆ. ಹಾಗಾದರೆ ಕಾರ್ಖಾನೆಯಲ್ಲಿ ಬೆಳೆಸುವುದು ಹೇಗೆ? ಇ1 ಜೀನನ್ನು ತನ್ನಲ್ಲೇ ಇಟ್ಟುಕೊಂಡ 293 ಎಂಬ ಜೀವಕೋಶ ತಳಿ ಇದೆ, 1973ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ತಯಾರಾದದ್ದು. ವೈರಸ್ ಇ1 ಇರುವ ಅಂಥ ಕೋಶದಲ್ಲಿ ಮಾತ್ರ ಬೆಳೆಯುತ್ತದೆ. ಹಂದಿಯ ಸ್ನಾಯುವಿಗೆ ಹೋದರೆ ಹೇರು ಇಳಿಸಿ ಅಲ್ಲೇ ನಿಲ್ಲುತ್ತದೆ.

ಎಂವಿಎ ಎಂಬ ಇನ್ನೊಂದು ಗಾಡಿ ಸಿಡುಬಿನ ಲಸಿಕೆಯ ವೈರಸ್ಸಿನಿಂದ ಬಂದದ್ದು. ಜರ್ಮನಿಯ ಆಂಟನ್ ಮೇಯರ್ ಅದನ್ನು ಕೋಳಿ ಭ್ರೂಣದ ಕೋಶಗಳಲ್ಲಿ 570ಕ್ಕೂ ಹೆಚ್ಚು ಸಲ ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಬೆಳೆಸಿದರು. ಅಷ್ಟರಲ್ಲಿ ಅದು ಸಸ್ತನಿಗಳ ಬಹುತೇಕ ಜೀವಕೋಶಗಳಲ್ಲಿ ಬೆಳೆಯುವ ಶಕ್ತಿಯನ್ನೇ ಕಳೆದುಕೊಂಡಿತ್ತು.

ಎಲ್ಲ ವಾಹಕಗಳೂ ಹೀಗೆ ಬೆಳೆಯದವಲ್ಲ. ಕೆಲವು ಮೈಯೊಳಗೆ ಮಿತವಾಗಿ ಬೆಳೆಯುತ್ತವೆ. ಅಂಥವನ್ನು ಒಪ್ಪುವ ಮೊದಲು ವೈರಸ್ ಹಂದಿಯಿಂದ ಹಂದಿಗೆ ಹರಡುತ್ತದೆಯೇ, ಗಬ್ಬದ ಹಂದಿಗೆ ತೊಂದರೆಯೇ, ಹಲವು ಹಂದಿಗಳನ್ನು ದಾಟಿದ ಮೇಲೆ ಮತ್ತೆ ಉಗ್ರವಾಗುತ್ತದೆಯೇ ಎಂದು ನೋಡುತ್ತಾರೆ.

ಹಂದಿ ಜ್ವರಕ್ಕೆ ಹಳೆಯ ಲಸಿಕೆ ಚೆನ್ನಾಗಿಯೇ ಇದೆಯಲ್ಲ, ಹೊಸದೇಕೆ?

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮಲ್ಲಿ ಬಹುಕಾಲದಿಂದ ಇರುವ ಹಂದಿ ಜ್ವರ ಬೇರೆ, ಆಫ್ರಿಕನ್ ಹಂದಿ ಜ್ವರ ಬೇರೆ. ಲಕ್ಷಣಗಳು ಒಂದೇ ಥರ ಕಂಡರೂ ವೈರಸ್ಸುಗಳಿಗೆ ಸಂಬಂಧವೇ ಇಲ್ಲ. ಮೊದಲನೆಯದಕ್ಕೆ ಲಸಿಕೆ ಇದೆ, ಅದು ಎರಡನೆಯದರಿಂದ ಕಾಪಾಡುವುದಿಲ್ಲ.

ಹಳೆಯ ಲಸಿಕೆ ಮೊಲಗಳಲ್ಲಿ ಬೆಳೆಸಿದ ದುರ್ಬಲ ವೈರಸ್. ರಕ್ಷಣೆ ಚೆನ್ನಾಗಿ ಕೊಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮೊಲದ ಗುಲ್ಮದಿಂದ (ಸ್ಪ್ಲೀನ್) ಸಿಗುವುದು ಸುಮಾರು 50 ಡೋಸ್. ದೇಶಕ್ಕೆ ವರ್ಷಕ್ಕೆ 2 ಕೋಟಿ 20 ಲಕ್ಷ ಡೋಸ್ ಬೇಕಿದ್ದಾಗ ತಯಾರಾಗುತ್ತಿದ್ದುದು 12 ಲಕ್ಷ. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಜೀವಕೋಶಗಳಲ್ಲೇ ಬೆಳೆಯುವ ಲಸಿಕೆಯನ್ನು ರೂಪಿಸಿ 2020ರಲ್ಲಿ ಹೊರತಂದದ್ದು ಈ ಕೊರತೆ ನೀಗಿಸಲೆಂದೇ.

ಇನ್ನೊಂದು ತೊಡಕಿದೆ. ಹಳೆಯ ಲಸಿಕೆ ಹಾಕಿದ ಹಂದಿಯ ರಕ್ತ ಪರೀಕ್ಷೆ ಮಾಡಿದರೆ, ಪ್ರತಿಕಾಯ ಲಸಿಕೆಯಿಂದ ಬಂತೋ ರೋಗದಿಂದ ಬಂತೋ ತಿಳಿಯುವುದಿಲ್ಲ. ಒಂದು ಸೀಮೆಯಿಂದ ರೋಗವನ್ನು ಪೂರ್ತಿ ಓಡಿಸಬೇಕಾದರೆ ಇದು ತಿಳಿಯಲೇಬೇಕು. ವಾಹಕ ಲಸಿಕೆ ಇಲ್ಲಿ ತನ್ನ ಬೆಲೆ ತೋರಿಸುತ್ತದೆ. ರೋಗದ ವೈರಸ್ಸಿನ ಇ2 ಎಂಬ ಒಂದೇ ಪ್ರೋಟೀನನ್ನು ಹೇರಿ ಕಳಿಸಿದರೆ, ಲಸಿಕೆ ಪಡೆದ ಹಂದಿಯಲ್ಲಿ ಇ2 ವಿರುದ್ಧದ ಪ್ರತಿಕಾಯ ಮಾತ್ರ ಇರುತ್ತದೆ. ನಿಜವಾಗಿ ರೋಗ ತಗುಲಿದ ಹಂದಿಯಲ್ಲಿ ವೈರಸ್ಸಿನ ಉಳಿದ ಪ್ರೋಟೀನುಗಳ ವಿರುದ್ಧವೂ ಪ್ರತಿಕಾಯ ಇರುತ್ತದೆ. ಒಂದು ಹನಿ ರಕ್ತದಲ್ಲಿ ಎರಡನ್ನೂ ಬೇರ್ಪಡಿಸಬಹುದು.

ಯುರೋಪಿನಲ್ಲಿ 2015ರಲ್ಲಿ ಅನುಮತಿ ಪಡೆದ ಸುವಾಕ್ಸಿನ್ ಸಿಎಸ್ಎಫ್ ಮಾರ್ಕರ್ ಲಸಿಕೆ ಈ ಜಾಡಿನದೇ. ದನಗಳಲ್ಲಿ ಭೇದಿ ತರುವ ಒಂದು ವೈರಸ್ಸಿನ ಇ2 ಜೀನನ್ನು ತೆಗೆದು, ಆ ಜಾಗದಲ್ಲಿ ಹಂದಿ ಜ್ವರದ ಇ2 ಜೀನನ್ನು ಕೂರಿಸಿದ್ದಾರೆ. ಚೀನಾದ ಹಾರ್ಬಿನ್‌ನ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಅಡಿನೋವೈರಸ್ಸಿನಲ್ಲಿ ಇದೇ ಇ2 ಇಟ್ಟು ಪ್ರಯೋಗ ಮಾಡಿದ್ದಾರೆ. ಗಾಡಿ ಬೇರೆ ಬೇರೆ, ಹೇರು ಒಂದೇ. ಹೇರು ಯಾವುದೆಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಹಾಗೆ ಬೇರ್ಪಡಿಸಿ ರೋಗವನ್ನು ನಿಜವಾಗಿಯೂ ಓಡಿಸಿದ ಉದಾಹರಣೆ ಇದೆಯೇ?

ಇದೆ. ಹಂದಿಗಳಿಗೆ ಬರುವ ಔಯೆಸ್ಕಿ ಎಂಬ ವೈರಸ್ ರೋಗ, ಅಂದರೆ ಸೂಡೋರೇಬೀಸ್. ಅದರ ವೈರಸ್ಸಿನಿಂದ ಜಿಇ ಎಂಬ ಜೀನನ್ನು ತೆಗೆದ ಲಸಿಕೆ ಹಾಕುತ್ತಾ, ಜಿಇ ಪ್ರತಿಕಾಯ ಇರುವ ಹಂದಿಗಳನ್ನು ಮಾತ್ರ ಹುಡುಕಿ ತೆಗೆಯುತ್ತಾ ಜರ್ಮನಿ 2003ರಲ್ಲಿ, ಅಮೆರಿಕ 2004ರಲ್ಲಿ ಸಾಕು ಹಂದಿಗಳನ್ನು ಈ ರೋಗದಿಂದ ಮುಕ್ತಗೊಳಿಸಿದವು. ಅದು ವಾಹಕ ಲಸಿಕೆಯಲ್ಲ, ಜೀನ್ ತೆಗೆದ ಲಸಿಕೆ. ಆದರೆ ಅದೇ ವೈರಸ್ಸಿನಲ್ಲಿ ಖಾಲಿಯಾದ ಜಾಗಕ್ಕೆ ಬೇರೆ ರೋಗದ ಜೀನನ್ನು ಕೂರಿಸಿ, ಒಂದೇ ಚುಚ್ಚಿಗೆ ಎರಡು ರೋಗ ತಡೆಯುವ ಪ್ರಯತ್ನಗಳು ಆಮೇಲೆ ಬಂದವು.

ಮಾರುಕಟ್ಟೆಯಲ್ಲಿ ಬೇರೆ ಯಾವ ವಾಹಕ ಲಸಿಕೆ ಇದೆ?

ಅಮೆರಿಕದಲ್ಲಿ 2013ರಲ್ಲಿ ಹಂದಿಮರಿಗಳಿಗೆ ಪಿಇಡಿ ಎಂಬ ಭೇದಿ ರೋಗ ಬಂದು, ಒಂದು ವರ್ಷದೊಳಗೆ ಲಕ್ಷಾಂತರ ಎಳೆ ಮರಿಗಳು ಸತ್ತವು. 2014ರ ಜೂನ್‌ನಲ್ಲಿ ಅಲ್ಲಿನ ಕೃಷಿ ಇಲಾಖೆ ಷರತ್ತಿನ ಅನುಮತಿ ಕೊಟ್ಟ ಲಸಿಕೆ ಆಲ್ಫಾವೈರಸ್ ಕುಲದ ಗಾಡಿಯದು. ಅದರೊಳಗಿನ ಆರ್‌ಎನ್‌ಎ ಜೀವಕೋಶದೊಳಗೆ ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದೆ, ಆದರೆ ಹೊಸ ವೈರಸ್ ಹೊರಬರುವುದಿಲ್ಲ. ಇದನ್ನು ಮಾಡಲು ರೋಗದ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಬೇಕಾಗಿಲ್ಲ, ಅದರ ಜೀನಿನ ಅಕ್ಷರಮಾಲೆ ಸಿಕ್ಕರೆ ಸಾಕು. ಹಂದಿಯ ಇನ್‌ಫ್ಲುಯೆಂಜಾ ವರ್ಷ ವರ್ಷಕ್ಕೆ ವೇಷ ಬದಲಿಸುವುದರಿಂದ, ಒಂದೊಂದು ಫಾರಮ್ಮಿಗೆ ಅಲ್ಲಿ ಸಿಕ್ಕ ತಳಿಗೆ ತಕ್ಕ ಹೇರು ಕಟ್ಟಿಕೊಡುವ ಪದ್ಧತಿಯೂ ಅಲ್ಲಿದೆ.

ಆಫ್ರಿಕನ್ ಹಂದಿ ಜ್ವರಕ್ಕೆ ವಾಹಕ ಲಸಿಕೆ ಏಕೆ ಇನ್ನೂ ಬಂದಿಲ್ಲ?

ಎಲ್ಲರೂ ಕಾಯುವ ಪ್ರಶ್ನೆ ಇದು. ಈ ರೋಗವನ್ನು ಕೀನ್ಯಾದಲ್ಲಿ ಮಾಂಟ್ಗಮೆರಿ ಎಂಬವರು ವಿವರಿಸಿ ಬರೆದದ್ದು 1921ರಲ್ಲಿ. ನೂರು ವರ್ಷ ದಾಟಿದೆ. 2007ರಲ್ಲಿ ಜಾರ್ಜಿಯಾ, 2018ರ ಆಗಸ್ಟ್‌ನಲ್ಲಿ ಚೀನಾ, 2019ರಲ್ಲಿ ವಿಯೆಟ್ನಾಂ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶ ಎಂದು ಅದು ನಡೆದುಬಂದಿದೆ.

ಕೊರೊನಾ ವೈರಸ್ಸನ್ನು ಗುರುತಿಸಲು ಮುಳ್ಳಿನ ಪ್ರೋಟೀನು ಒಂದೇ ಸಾಕು. ಅದನ್ನು ತೋರಿಸಿಕೊಟ್ಟರೆ ಮೈ ಮಿಕ್ಕದ್ದನ್ನು ನೋಡಿಕೊಳ್ಳುತ್ತದೆ. ಹಂದಿ ಜ್ವರಕ್ಕೆ ಇ2 ಇದ್ದಂತೆ. ಆಫ್ರಿಕನ್ ಹಂದಿ ಜ್ವರದ ವೈರಸ್ಸಿಗೆ ಅಂಥ ಒಂದೇ ಒಂದು ಗುರುತು ಇಲ್ಲ. ಅದರ ಜೀನ್ ಪುಸ್ತಕ 1,70,000ದಿಂದ 1,90,000 ಅಕ್ಷರಗಳಷ್ಟು ಉದ್ದ, 150ಕ್ಕೂ ಹೆಚ್ಚು ಜೀನುಗಳು. ನಮ್ಮ ಅಡಿನೋವೈರಸ್ ಗಾಡಿಯಲ್ಲಿ ಹೇರಬಹುದಾದದ್ದು 8,000 ಅಕ್ಷರಗಳ ಆಸುಪಾಸು. ಎಲ್ಲವನ್ನೂ ಹೇರಲಾಗದು, ಆರಿಸಬೇಕು. ಆರಿಸಲು ಯಾವುದು ಕಾಪಾಡುತ್ತದೆ ಎಂಬುದು ಮೊದಲು ಗೊತ್ತಿರಬೇಕು.

ಅದಕ್ಕೆ ಸೇರಿ ಇನ್ನೊಂದು ಕಷ್ಟ. ಈ ವೈರಸ್ ಮನೆ ಮಾಡುವುದು ಮ್ಯಾಕ್ರೋಫೇಜ್ ಕಣಗಳಲ್ಲಿ, ಅಂದರೆ ರೋಗಾಣುವನ್ನು ನುಂಗಬೇಕಾದ ಕಾವಲುಗಾರನೊಳಗೇ. ಪ್ರತಿಕಾಯಗಳು ಮಾತ್ರ ಇದ್ದರೆ ಇದನ್ನು ತಡೆಯಲು ಸಾಲದು. ಪಿರ್‌ಬ್ರೈಟ್‌ನ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರೋಗನಿರೋಧಕ ಶಕ್ತಿ ಪಡೆದ ಹಂದಿಗಳಿಂದ ಸಿಡಿ8 ಎಂಬ ಗುಂಪಿನ ಬಿಳಿ ರಕ್ತಕಣಗಳನ್ನು ತೆಗೆದಾಗ ರಕ್ಷಣೆಯೂ ಹೋಯಿತು. ಸೋಂಕು ತಗುಲಿದ ಜೀವಕೋಶವನ್ನು ಹುಡುಕಿ ಕೊಲ್ಲುವ ಈ ಕಣಗಳನ್ನು ಎಬ್ಬಿಸುವ ಜೀನುಗಳು ಹೇರಿನಲ್ಲಿ ಇರಲೇಬೇಕು.

ಹಾಗೆಂದು ಕೈಕಟ್ಟಿ ಕೂತಿಲ್ಲ. 2020ರಲ್ಲಿ ಅದೇ ಸಂಸ್ಥೆಯವರು ಎಂಟು ಜೀನುಗಳನ್ನು ಆರಿಸಿ, ಮೊದಲ ಡೋಸ್ ಅಡಿನೋವೈರಸ್ಸಿನಲ್ಲಿ, ಎರಡನೆಯದು ಎಂವಿಎಯಲ್ಲಿ ಕೊಟ್ಟರು. ಆಮೇಲೆ ಸಾಯಿಸಬಲ್ಲ ವೈರಸ್ ಕೊಟ್ಟಾಗ ಲಸಿಕೆ ಪಡೆದ ಹಂದಿಗಳೆಲ್ಲ ಬದುಕಿದವು. ಆ ವರದಿ ಓದಿದ ದಿನ ನನಗಾದ ಸಂತೋಷ ಈಗಲೂ ನೆನಪಿದೆ. ಆದರೆ ಅವಕ್ಕೆ ಕಾಯಿಲೆ ಬರದೆ ಇರಲಿಲ್ಲ, ರಕ್ತದಲ್ಲಿ ವೈರಸ್ಸೂ ಸಿಕ್ಕಿತು. ಸಾವು ತಪ್ಪಿತು, ಸೋಂಕು ತಪ್ಪಲಿಲ್ಲ. ಬಳಸಿದ ವೈರಸ್ ಜೀನೋಟೈಪ್ 1 ಎಂಬ ವಂಶದ್ದು. ನಮ್ಮ ಕಡೆ ಬಂದಿರುವುದು ಜೀನೋಟೈಪ್ 2. ಎರಡೂ ಬೆರೆತ ತಳಿ ಚೀನಾದಲ್ಲೂ ವಿಯೆಟ್ನಾಂನಲ್ಲೂ ಈಗಾಗಲೇ ಸಿಕ್ಕಿದೆ.

ಬೇರೆ ಕೆಲವು ಪ್ರಯೋಗಗಳಲ್ಲಿ ಪ್ರತಿಕಾಯ ಧಾರಾಳವಾಗಿ ಬಂದೂ ಹಂದಿಗಳು ಉಳಿಯಲಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಚೆನ್ನಾಗಿ ಕಂಡ ಲೆಕ್ಕ ಕೊಟ್ಟಿಗೆಯಲ್ಲಿ ನಿಲ್ಲಲೇಬೇಕೆಂದಿಲ್ಲ.

ವಿಯೆಟ್ನಾಂನಲ್ಲಿ ಲಸಿಕೆ ಬಂದಿದೆಯಂತಲ್ಲ?

ಬಂದಿದೆ, ಆದರೆ ಅವು ವಾಹಕ ಲಸಿಕೆಗಳಲ್ಲ. ಆಫ್ರಿಕನ್ ಹಂದಿ ಜ್ವರದ ವೈರಸ್ಸಿನಿಂದಲೇ ಕೆಲವು ಜೀನು ತೆಗೆದು ದುರ್ಬಲಗೊಳಿಸಿದ ಜೀವಂತ ಲಸಿಕೆಗಳು. ಅಮೆರಿಕದ ಪ್ಲಮ್ ದ್ವೀಪದ ಪಶುರೋಗ ಪ್ರಯೋಗಾಲಯದಲ್ಲಿ ರೂಪುಗೊಂಡ ತಳಿಯಿಂದ ಮಾಡಿದ ಲಸಿಕೆಗೆ 2022ರ ಜೂನ್‌ನಲ್ಲಿ ಅನುಮತಿ ಸಿಕ್ಕಿತು. ಆಗಸ್ಟ್‌ನಲ್ಲಿ ಲಸಿಕೆ ಪಡೆದ ನೂರಾರು ಹಂದಿಗಳು ಸತ್ತವೆಂದು ಬಳಕೆ ನಿಲ್ಲಿಸಿದರು. 2023ರಲ್ಲಿ ಇನ್ನೊಂದು ಲಸಿಕೆಯೂ ಸೇರಿ ಮತ್ತೆ ದಾರಿ ತೆರೆಯಿತು.

ಜೀವಂತ ಲಸಿಕೆ ರಕ್ಷಣೆಯಲ್ಲಿ ಇವತ್ತಿಗೆ ಮುಂದಿದೆ, ಇದನ್ನು ಒಪ್ಪಲೇಬೇಕು. ಆದರೆ ಹೊರಗಿನ ವೈರಸ್ಸಿನೊಡನೆ ಬೆರೆತು ಹೊಸ ತಳಿ ಹುಟ್ಟುವ ಅಪಾಯ ಅದರಲ್ಲಿದೆ. ವಾಹಕ ಲಸಿಕೆಯಲ್ಲಿ ಆ ಅಪಾಯವಿಲ್ಲ. ಕಷ್ಟವಾದರೂ ಈ ಜಾಡನ್ನು ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಲುಬಾಯಿ ರೋಗಕ್ಕೂ ಹೀಗೆ ಮಾಡಬಹುದೇ?

ಮಾಡಿದ್ದಾರೆ, ಅದೂ ತುಂಬ ಜಾಣತನದಿಂದ. ಈ ವೈರಸ್ಸಿನ ಹೊರಚಿಪ್ಪಿನ ಪ್ರೋಟೀನುಗಳು ಮೊದಲು ಒಂದೇ ಉದ್ದನೆಯ ಸರವಾಗಿ ತಯಾರಾಗುತ್ತವೆ. 3ಸಿ ಎಂಬ ಕಿಣ್ವ ಆ ಸರವನ್ನು ಸರಿಯಾದ ಜಾಗದಲ್ಲಿ ಕತ್ತರಿಸುತ್ತದೆ, ತುಂಡುಗಳು ತಾವಾಗಿಯೇ ಸೇರಿ ಚಿಪ್ಪಾಗುತ್ತವೆ. ಪ್ಲಮ್ ದ್ವೀಪದ ಮಾರ್ವಿನ್ ಗ್ರಬ್ಮನ್ ತಂಡ ಸರದ ಜೀನನ್ನೂ ಕತ್ತರಿಯ ಜೀನನ್ನೂ ಒಂದೇ ಅಡಿನೋವೈರಸ್‌ಗೆ ಹೇರಿತು. ಪ್ರಾಣಿಯ ಜೀವಕೋಶದೊಳಗೆ ಖಾಲಿ ಚಿಪ್ಪುಗಳು ತಯಾರಾದವು: ನೋಡಲು ವೈರಸ್, ಒಳಗೆ ಏನೂ ಇಲ್ಲ. ಒಂದೇ ಡೋಸ್ ಪಡೆದ ಹಂದಿಗಳು ಏಳನೇ ದಿನಕ್ಕೆ ರೋಗ ತಡೆದುಕೊಂಡವು. 2012ರಲ್ಲಿ ಅಮೆರಿಕದಲ್ಲಿ ಇದಕ್ಕೆ ಷರತ್ತಿನ ಅನುಮತಿ ಸಿಕ್ಕಿದ್ದು ದನಗಳಿಗೆ.

ಮಾಮೂಲಿ ಕಾಲುಬಾಯಿ ಲಸಿಕೆಗೆ ಟನ್‌ಗಟ್ಟಲೆ ಜೀವಂತ ವೈರಸ್ ಬೆಳೆಸಿ ಆಮೇಲೆ ಕೊಲ್ಲಬೇಕು. ಕಾರ್ಖಾನೆಯಿಂದ ಒಮ್ಮೆ ಹೊರಬಿದ್ದರೆ ಅನಾಹುತ. ಈ ಬಗೆಯಲ್ಲಿ ಆ ಭಯವೇ ಇಲ್ಲ.

ಮರಿಗೆ ಯಾವ ವಯಸ್ಸಿನಲ್ಲಿ ಹಾಕಬೇಕು?

ತಾಯಿ ಹಂದಿಯ ಗರ್ಭಕೋಶದಿಂದ ಮರಿಗೆ ಪ್ರತಿಕಾಯ ದಾಟುವುದಿಲ್ಲ. ಹುಟ್ಟಿದ ಮರಿ ಬರಿಗೈಲಿ ಬರುತ್ತದೆ. ಮೊದಲ ಒಂದು, ಒಂದೂವರೆ ದಿನದಲ್ಲಿ ಕುಡಿಯುವ ಗಿಣ್ಣಿನ ಹಾಲಿನಿಂದಲೇ ಎಲ್ಲವೂ. ಆಮೇಲೆ ಕರುಳಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಹನ್ನೆರಡು ಮರಿ ಹಾಕಿದ ಹಂದಿಯ ಬಳಿ ರಾತ್ರಿ ಕೂತು ನೋಡಿ: ಗಟ್ಟಿ ಮರಿಗಳು ಮುಂದಿನ ಮೊಲೆ ಹಿಡಿಯುತ್ತವೆ, ಬಡಕಲು ಮರಿ ಹಿಂಗಾಲಿನ ಹತ್ತಿರ ತಡಕಾಡುತ್ತಿರುತ್ತದೆ. ಅದನ್ನು ಎತ್ತಿ ಮೊಲೆಗೆ ಹಚ್ಚಿ. ಯಾವ ಲಸಿಕೆಯೂ ಆ ಕೆಲಸಕ್ಕೆ ಬದಲಿಯಲ್ಲ.

ತಾಯಿಯಿಂದ ಬಂದ ಇದೇ ಪ್ರತಿಕಾಯಗಳು ಲಸಿಕೆಗೆ ಅಡ್ಡ ಬರುತ್ತವೆ. ಬೇಗ ಹಾಕಿದರೆ ಲಸಿಕೆಯ ವೈರಸ್ಸನ್ನು ಅವೇ ಮುಗಿಸುತ್ತವೆ, ತಡವಾದರೆ ನಡುವೆ ರೋಗ ನುಗ್ಗುತ್ತದೆ. ವಾಹಕ ಲಸಿಕೆಯ ಗಾಡಿ ತಾಯಿಗೆ ಅಪರಿಚಿತವಾಗಿದ್ದರೆ ತಾಯಿಯ ಪ್ರತಿಕಾಯ ಅದನ್ನು ತಡೆಯುವುದಿಲ್ಲ. ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಪಟ್ಟಣದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಕೆಲಸದಲ್ಲಿ, ಹಂದಿ ಇನ್‌ಫ್ಲುಯೆಂಜಾ ಜೀನು ಹೊತ್ತ ಅಡಿನೋವೈರಸ್ ಈ ಅಡ್ಡಿಯನ್ನು ದಾಟಿತು. ಎಲ್ಲ ರೋಗಕ್ಕೂ ಇಷ್ಟೇ ಸಲೀಸಲ್ಲ. ಲೇಬಲ್ಲಿನಲ್ಲಿ ಬರೆದ ವಯಸ್ಸನ್ನೇ ಪಾಲಿಸಿ.

ಅದೇ ಗಾಡಿಯನ್ನು ಮತ್ತೆ ಮತ್ತೆ ಬಳಸಬಹುದೇ?

ಮೊದಲ ಸಲ ಮೈ ಹೇರನ್ನು ಮಾತ್ರವಲ್ಲ, ಗಾಡಿಯನ್ನೂ ನೆನಪಿಟ್ಟುಕೊಳ್ಳುತ್ತದೆ. ಎರಡನೇ ಸಲ ದಾರಿಯಲ್ಲೇ ತಡೆಯಬಹುದು. ಮೊದಲು ಅಡಿನೋ, ಆಮೇಲೆ ಎಂವಿಎ ಎಂದು ಗಾಡಿ ಬದಲಿಸುವುದು ಅದಕ್ಕೇ.

ಪ್ರಯೋಗ ಹೇಗೆ ನಡೆಯುತ್ತದೆ? ಹಂದಿಗಳಿಗೆ ಹಿಂಸೆಯಲ್ಲವೇ?

ಜೀವಕೋಶಗಳಲ್ಲಿ ಪ್ರೋಟೀನು ಸರಿಯಾಗಿ ತಯಾರಾಗುತ್ತದೆಯೇ ಎಂದು ಮೊದಲು ನೋಡುತ್ತಾರೆ. ಆಮೇಲೆ ಹಂದಿಗಳ ಸಣ್ಣ ಗುಂಪು, ಜೊತೆಗೆ ಲಸಿಕೆ ಕೊಡದ ಇನ್ನೊಂದು ಗುಂಪು. ಕೊನೆಗೆ ಎರಡಕ್ಕೂ ರೋಗದ ವೈರಸ್ ಕೊಡುತ್ತಾರೆ. ಗಾಳಿಯನ್ನೂ ಸೋಸಿ ಹೊರಬಿಡುವ ಬಿಗಿ ಕಟ್ಟಡಗಳಲ್ಲಿ ಮಾತ್ರ ಇದು ಸಾಧ್ಯ. ನಮ್ಮಲ್ಲಿ ಭೋಪಾಲಿನ ರಾಷ್ಟ್ರೀಯ ಉನ್ನತ ಭದ್ರತಾ ಪಶುರೋಗ ಸಂಸ್ಥೆ (ಎನ್‌ಐಎಚ್‌ಎಸ್‌ಎಡಿ) ಅಂಥ ಜಾಗ.

ದಿನವೂ ಬೆಳಿಗ್ಗೆ ಥರ್ಮಾಮೀಟರ್, ರಕ್ತ, ರೋಗಲಕ್ಷಣಗಳಿಗೆ ಅಂಕ ಹಾಕುವ ಪಟ್ಟಿ. ಆದರೆ ಮೊದಲ ಸುದ್ದಿ ಕೊಡುವುದು ಬಕೆಟ್ಟಿನ ಸದ್ದು. ಆರೋಗ್ಯದ ಹಂದಿಗಳು ಸದ್ದು ಕೇಳಿದೊಡನೆ ಒಂದರ ಮೇಲೊಂದು ಬಿದ್ದು ತೊಟ್ಟಿಗೆ ಬರುತ್ತವೆ. ಜ್ವರ ಬಂದ ಹಂದಿ ತಲೆಯೆತ್ತಿ ನೋಡುತ್ತದೆ, ಏಳುವುದಿಲ್ಲ. ಕಿವಿಯ ತುದಿ ನೇರಳೆಗೆ ತಿರುಗುವ ಮೊದಲೇ ಇದು ಕಾಣುತ್ತದೆ. ಅಂಕ ಗೊತ್ತುಪಡಿಸಿದ ಮಿತಿ ದಾಟಿದರೆ, ನರಳಲು ಬಿಡದೆ ದಯಾಮರಣ ಕೊಡುತ್ತಾರೆ. ಹೌದು, ಅವು ನೋವು ಪಡುತ್ತವೆ. ಅದಕ್ಕೇ ಕಡಿಮೆ ಹಂದಿಗಳಲ್ಲಿ ಹೆಚ್ಚು ತಿಳಿಯುವಂತೆ ಪ್ರಯೋಗ ಹೂಡಬೇಕು, ವಿಫಲವಾದದ್ದನ್ನೂ ಪ್ರಕಟಿಸಬೇಕು. ಪ್ರಕಟಿಸದೆ ಬಿಟ್ಟರೆ ಇನ್ನೊಂದು ಊರಿನಲ್ಲಿ ಅದೇ ತಪ್ಪಿಗೆ ಮತ್ತೆ ಹಂದಿಗಳು ಸಾಯುತ್ತವೆ.

ಹಂದಿಗೆ ಲಸಿಕೆ ಹಾಕಿದರೆ ಮನುಷ್ಯರಿಗೇನು ಲಾಭ?

ನಿಫಾ ನೆನಪಿಸಿಕೊಳ್ಳಿ. 1998–99ರಲ್ಲಿ ಮಲೇಷ್ಯಾದಲ್ಲಿ ಬಾವಲಿಯಿಂದ ಹಂದಿಗೆ, ಹಂದಿಯಿಂದ ಸಾಕುವವರಿಗೆ ದಾಟಿತು. 265 ಜನರಿಗೆ ರೋಗ, 105 ಸಾವು. ಮೊದಮೊದಲು ಅದನ್ನು ಮೆದುಳು ಜ್ವರ ಎಂದೇ ಭಾವಿಸಿ ಸೊಳ್ಳೆ ಹೊಡೆಯುತ್ತಾ ಕೂತರು. ಕೊನೆಗೆ ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಂದರು. 2006ರಲ್ಲಿ ಕೆನಡಾದ ವಿಜ್ಞಾನಿಗಳು ಕ್ಯಾನರಿ ಹಕ್ಕಿಯ ಸಿಡುಬಿನ ವೈರಸ್ಸಿಗೆ ನಿಫಾದ ಎರಡು ಜೀನುಗಳನ್ನು ಹೇರಿ ಹಂದಿಗಳನ್ನು ಕಾಪಾಡಿ ತೋರಿಸಿದರು. ಕೊಳ್ಳುವವರಿಲ್ಲದೆ ಅದು ಮಾರುಕಟ್ಟೆಗೆ ಬರಲಿಲ್ಲ. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಬಂದ ನಿಫಾಕ್ಕೆ ಹಂದಿ ಕಾರಣವಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆ ಹೆದರಿಕೆಗೆ ಯಾರೂ ಹಂದಿ ಮಾರಿಕೊಳ್ಳಬೇಕಾಗಿಲ್ಲ.

ಕೋಲಾರ, ಮಂಡ್ಯ, ಬಳ್ಳಾರಿಯವರಿಗೆ ಗೊತ್ತಿರುವ ಜಪಾನೀಸ್ ಮೆದುಳು ಜ್ವರದ ವೈರಸ್ ಹಂದಿಯ ಮೈಯಲ್ಲಿ ಹೇರಳವಾಗಿ ಬೆಳೆಯುತ್ತದೆ. ಆದರೆ ಹಂದಿಗಳಿಗೆ ಲಸಿಕೆ ಹಾಕಿ ಇದನ್ನು ತಡೆಯುವುದು ಕಷ್ಟ. ವರ್ಷದೊಳಗೆ ಹಳೆಯ ಹಂದಿಗಳು ಹೋಗಿ ಹೊಸ ಮರಿಗಳು ಬಂದಿರುತ್ತವೆ. ಮನುಷ್ಯರಿಗೇ ಲಸಿಕೆ ಕೊಡುವುದು ಸರಿಯಾದ ದಾರಿ.

ಭಾರತದಲ್ಲಿ ಇಂಥ ಲಸಿಕೆಗೆ ಯಾರು ಅನುಮತಿ ಕೊಡಬೇಕು?

ಜೀನು ಮಾರ್ಪಡಿಸಿದ ಜೀವಿಯಾದ್ದರಿಂದ 1989ರ ನಿಯಮಗಳು ಅನ್ವಯಿಸುತ್ತವೆ. ಜೈವಿಕ ತಂತ್ರಜ್ಞಾನ ಇಲಾಖೆಯ ಆರ್‌ಸಿಜಿಎಂ ಎಂಬ ಪರಿಶೀಲನಾ ಸಮಿತಿ, ಪರಿಸರ ಸಚಿವಾಲಯದ ಜಿಇಎಸಿ ಎಂಬ ಸಮಿತಿ, ಔಷಧ ನಿಯಂತ್ರಕರು ಎಂದು ಹಲವು ಬಾಗಿಲು. ತಡವಾಗುತ್ತದೆ ನಿಜ, ಆದರೆ ಬಯಲಲ್ಲಿ ಬಿಡುವ ವೈರಸ್ಸಿಗೆ ಈ ತಪಾಸಣೆ ಬೇಕು.

ಹಳ್ಳಿಯವರೆಗೆ ಲಸಿಕೆ ಕೆಡದೆ ತಲುಪುತ್ತದೆಯೇ?

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿಗೆ ಐಸ್ ಬಾಕ್ಸ್ ಹೊತ್ತು ಹೋದೆ. ಬಸ್ ಕೆಟ್ಟು ಮೂರು ಗಂಟೆ ರಸ್ತೆಯಲ್ಲೇ ನಿಂತಿತ್ತು. ಮುಚ್ಚಳ ತೆಗೆದರೆ ಐಸೆಲ್ಲ ಕರಗಿ, ಬಾಟಲಿಗಳು ಉಗುರುಬೆಚ್ಚಗಿನ ನೀರಿನಲ್ಲಿ ತೇಲುತ್ತಿದ್ದವು. ಬೆಳಿಗ್ಗೆಯಿಂದ ಹಂದಿಗಳನ್ನು ಕಟ್ಟಿಹಾಕಿ ಕಾದಿದ್ದ ಅಜ್ಜಿಯೊಬ್ಬರು "ಬಂದಿದ್ದೀಯಲ್ಲ ಮಗ, ಹಾಕಿಯೇ ಹೋಗು" ಎಂದರು. ಹಾಕಲಿಲ್ಲ. ಮಾರನೇ ವಾರ ಹೊಸದು ತಂದು ಹಾಕಿದೆ. ಅಡಿನೋವೈರಸ್ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇಡಬಹುದಾದದ್ದು, ಮಾಮೂಲಿ ಫ್ರಿಜ್ ಸಾಕು ಎಂಬುದು ದೊಡ್ಡ ಅನುಕೂಲ. ಬಿಸಿಲಲ್ಲಿ ನಿಂತ ಬಾಟಲಿ ಯಾವ ಲಸಿಕೆಯದಾದರೂ ಬೇಡವೆನ್ನಿ.

ಲಸಿಕೆ ಪಡೆದ ಹಂದಿಯ ಮಾಂಸ ತಿನ್ನಬಹುದೇ?

ಲೇಬಲ್ಲಿನಲ್ಲಿ ಸೂಚಿಸಿದ ಅವಧಿ ಮುಗಿದ ಮೇಲೆ ತಿನ್ನಬಹುದು. ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಬರುವುದಿಲ್ಲ.

ಲಸಿಕೆ ಬರುವವರೆಗೆ ನಾನೇನು ಮಾಡಲಿ?

ಹೋಟೆಲ್ ಮುಸುರೆ ಹಾಕುವವರಾದರೆ ಅರ್ಧ ಗಂಟೆ ಕುದಿಸಿ, ತಿರುವುತ್ತಾ ಕುದಿಸಿ. ಅದರಲ್ಲಿ ಎಲ್ಲಿಂದಲೋ ಬಂದ ಹಂದಿ ಮಾಂಸದ ಚೂರು ಇರಬಹುದು, ವೈರಸ್ ಅದರಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಹೊಸ ಹಂದಿ ತಂದರೆ ಹಳೆಯವುಗಳ ಜೊತೆ ಸೇರಿಸುವ ಮೊದಲು ಒಂದು ತಿಂಗಳು ಬೇರೆ ಇಡಿ. ವ್ಯಾಪಾರಿಯ ಗಾಡಿಯನ್ನು ಕೊಟ್ಟಿಗೆಯ ಬಾಗಿಲವರೆಗೆ ಬಿಡಬೇಡಿ, ಒಳಗೆ ಹೋಗಲು ಬೇರೆ ಚಪ್ಪಲಿ ಇಟ್ಟುಕೊಳ್ಳಿ. ಹಳೆಯ ಹಂದಿ ಜ್ವರದ ಲಸಿಕೆಯನ್ನು ತಪ್ಪದೆ ಹಾಕಿಸಿ, ಆಗ ಜ್ವರ ಬಂದು ಸತ್ತರೆ ಅನುಮಾನ ಎತ್ತ ತಿರುಗಬೇಕೆಂದು ಬೇಗ ತಿಳಿಯುತ್ತದೆ.

ಎರಡು ಮೂರು ದಿನದಲ್ಲಿ ಒಂದಕ್ಕಿಂತ ಹೆಚ್ಚು ಹಂದಿ ಸತ್ತರೆ ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ. ರೋಗ ದೃಢಪಟ್ಟರೆ ಸುತ್ತ ಒಂದು ಕಿಲೋಮೀಟರಿನ ಹಂದಿಗಳನ್ನು ಕೊಲ್ಲುತ್ತಾರೆಂಬ ಹೆದರಿಕೆಗೆ ಎಷ್ಟೋ ಜನ ಮುಚ್ಚಿಡುತ್ತಾರೆ, ಉಳಿದವನ್ನು ರಾತ್ರೋರಾತ್ರಿ ಮಾರುತ್ತಾರೆ. ಆ ಹಂದಿಗಳು ಹೋದ ಊರಿನಲ್ಲಿ ಹತ್ತು ದಿನಕ್ಕೆ ಮತ್ತೆ ಇದೇ ಕತೆ. ಸತ್ತ ಹಂದಿಯನ್ನು ಕೊಯ್ಯಬೇಡಿ, ಅದರ ರಕ್ತದ ಒಂದೊಂದು ಹನಿಯಲ್ಲೂ ವೈರಸ್ ತುಂಬಿರುತ್ತದೆ. ನಾಯಿಗಳು ಎಳೆಯದಂತೆ ಕಾಯ್ದು, ವೈದ್ಯರು ಮಾದರಿ ತೆಗೆದುಕೊಂಡ ಮೇಲೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.